ಮೊದಲ ವರ್ಷದವರಿಗೆ: ತಂಡ ಕಟ್ಟಿ, ಪ್ರೊಟೊಟೈಪ್ ಮಾಡಿ, ಸ್ಪರ್ಧೆಯಲ್ಲಿ ತೋರಿಸುವುದು ಹೇಗೆ

ಬೆಳಗಾವಿ ಕಡೆಯ ಎಂಜಿನಿಯರಿಂಗ್ ಕಾಲೇಜಿಗೆ ಹೊಸದಾಗಿ ಸೇರಿದ್ದೀರಾ? ಹಾಗಾದರೆ ವರ್ಷ ಮುಗಿಯುವುದರೊಳಗೆ ಒಂದಲ್ಲ ಒಂದು ನೋಟಿಸ್ ನಿಮ್ಮ ವಾಟ್ಸ್ಆ್ಯಪ್ ಗ್ರೂಪಿಗೆ ಬಂದೇ ಬರುತ್ತದೆ. ನಾಲ್ಕೈದು ಜನ ಸೇರಿ ತಂಡ ಮಾಡಿ, ಒಂದು ಸಮಸ್ಯೆ ಹುಡುಕಿ, ಅದಕ್ಕೆ ಕೆಲಸ ಮಾಡುವ ಮಾದರಿ ಮಾಡಿ ತೋರಿಸಿ ಅಂತ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) 2022ರ ಸ್ಕೀಮ್‌ನಲ್ಲಿ, ಅಂದರೆ ಪಠ್ಯಕ್ರಮದಲ್ಲಿ, ಇನ್ನೋವೇಶನ್ ಅಂಡ್ ಡಿಸೈನ್ ಥಿಂಕಿಂಗ್ ಮೊದಲ ವರ್ಷದ ವಿಷಯವೇ ಆಗಿರುವುದರಿಂದ ಇಂಥ ಸ್ಪರ್ಧೆಗೆ ಈಗ ಹೊಸಬರನ್ನೂ ಕರೆಯುತ್ತಾರೆ. ಕಾಲೇಜಿನ ವರ್ಕ್‌ಶಾಪಿನಲ್ಲಿ ಇಂಥ ತಂಡಗಳ ಜೊತೆ ಕೂತು ಕೆಲಸ ಮಾಡಿಸುವುದು ನನಗೆ ಬಹಳ ಇಷ್ಟದ ಕೆಲಸ. ಅಲ್ಲಿ ಕಂಡದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ಬಹಳಷ್ಟು ತಂಡಗಳು ಸೋಲುವುದು ಕೈ ಹಾಕುವುದು ತಡವಾಗಿ. ಅರ್ಧ ಸಮಯ ಐಡಿಯಾ ಮಾತಾಡುವುದರಲ್ಲಿ ಹೋಗುತ್ತದೆ, ಇನ್ನರ್ಧ ಎಲ್ಲವನ್ನೂ ಒಟ್ಟಿಗೆ ಜೋಡಿಸುವುದರಲ್ಲಿ. ತೋರಿಸುವ ಹೊತ್ತಿಗೆ ಯಾವುದೂ ಓಡುವುದಿಲ್ಲ. ನಿಮ್ಮ ಮಾದರಿ ಒಂದೇ ಒಂದು ಪ್ರಶ್ನೆಗೆ ಉತ್ತರ ಕೊಟ್ಟರೆ ಸಾಕು. ಆ ಪ್ರಶ್ನೆ ಯಾವುದು ಅಂತ ಬೇಗ ಗೊತ್ತು ಮಾಡಿಕೊಳ್ಳಿ, ಅವತ್ತೇ ಏನಾದರೂ ಕೈಯಲ್ಲಿ ಹಿಡಿಯುವಂಥದ್ದು ಮಾಡಿ. ಮುಂದೆ ಬರೆದಿರುವುದೆಲ್ಲ ಇದಕ್ಕಾಗಿಯೇ.

ನೋಟಿಸನ್ನು ಪೂರ್ತಿ ಓದಿ

ಪೋಸ್ಟರಿನಲ್ಲಿ ಬಹುಮಾನದ ಮೊತ್ತ ದೊಡ್ಡದಾಗಿ ಇರುತ್ತದೆ, ನಿಯಮಗಳು ಸಣ್ಣದಾಗಿ. ತಂಡದಲ್ಲಿ ಎಷ್ಟು ಜನ? ಸಾಮಾನು ಅವರು ಕೊಡುತ್ತಾರೋ ನೀವೇ ತರಬೇಕೋ? ಅಂಗಡಿಯಲ್ಲಿ ಸಿಗುವ ರೆಡಿ ಮಾಡ್ಯೂಲ್ ಬಳಸಬಹುದಾ? ಮೊದಲೇ ಮಾಡಿಟ್ಟದ್ದನ್ನು ತರಬಹುದಾ? ತೋರಿಸಲು ಎಷ್ಟು ನಿಮಿಷ? ಅಂಕ ಯಾವುದಕ್ಕೆ ಎಷ್ಟು? ಈ ಕೊನೆಯದನ್ನು ಜಾಸ್ತಿ ಜನ ನೋಡುವುದೇ ಇಲ್ಲ. ಕೆಲಸ ಮಾಡುವ ಮಾದರಿಗೇ ಅರ್ಧ ಅಂಕ ಇದ್ದಾಗ ರಾತ್ರಿಯಿಡೀ ಪಿಪಿಟಿಗೆ ಬಣ್ಣ ಹಚ್ಚುತ್ತಾ ಕೂತರೆ ಏನು ಬಂತು?

ಸ್ಪರ್ಧೆಗಳೂ ಒಂದೇ ಥರ ಇರುವುದಿಲ್ಲ. ಒಂದೇ ದಿನದ್ದು ಇರುತ್ತದೆ, 24 ಗಂಟೆಯದ್ದು ಇರುತ್ತದೆ, ಎರಡು ವಾರ ಸಮಯ ಕೊಟ್ಟು ಕೊನೆಗೆ ತೋರಿಸಿ ಅನ್ನುವುದೂ ಇರುತ್ತದೆ. 2017ರಿಂದ ನಡೆಯುತ್ತಿರುವ ಸ್ಮಾರ್ಟ್ ಇಂಡಿಯಾ ಹ್ಯಾಕಥಾನ್ ಅನ್ನುವ ದೇಶಮಟ್ಟದ ಸ್ಪರ್ಧೆಯಲ್ಲಿ ತಂಡಕ್ಕೆ 6 ಜನ, ಅವರಲ್ಲಿ ಒಬ್ಬ ಹುಡುಗಿಯಾದರೂ ಇರಲೇಬೇಕು. ಮೊದಲು ಕಾಲೇಜಿನೊಳಗೆ ಆಯ್ಕೆ ಸುತ್ತು. ಫೈನಲ್ ತಲುಪಿದರೆ ಸಾಫ್ಟ್‌ವೇರ್ ವಿಭಾಗಕ್ಕೆ 36 ಗಂಟೆ, ಹಾರ್ಡ್‌ವೇರ್ ವಿಭಾಗಕ್ಕೆ 5 ದಿನ. ಮೊದಲ ವರ್ಷದಲ್ಲೇ ಅಲ್ಲಿಗೆ ಹೋಗಬೇಕು ಅಂತೇನಿಲ್ಲ. ಕಾಲೇಜಿನೊಳಗಿನ ಸಣ್ಣ ಸ್ಪರ್ಧೆಯಲ್ಲಿ ಕೈ ಪಳಗಿಸಿಕೊಂಡವರಿಗೆ ಅದು ಮುಂದೆ ಸುಲಭವಾಗುತ್ತದೆ.

ತಂಡ

ಹಾಸ್ಟೆಲ್ ರೂಮ್‌ಮೇಟ್‌ಗಳೇ ಸೇರಿ ತಂಡ ಮಾಡುವುದು ಸಾಮಾನ್ಯ. ಜಗಳ ಕಡಿಮೆ ಅನ್ನುವುದು ನಿಜ. ಆದರೆ ನಾಲ್ಕೂ ಜನ ಕಂಪ್ಯೂಟರ್ ಸೈನ್ಸ್ ಆದರೆ ತೂತು ಕೊರೆಯಲು ಯಾರೂ ಇರುವುದಿಲ್ಲ, ನಾಲ್ಕೂ ಜನ ಮೆಕ್ಯಾನಿಕಲ್ ಆದರೆ ಕೋಡ್ ಬರೆಯಲು ಬೇರೆ ತಂಡದವರ ಕಾಲು ಹಿಡಿಯಬೇಕು. ಮೊದಲ ವರ್ಷದಲ್ಲಿ ಬ್ರಾಂಚಿನ ಪಾಠ ಇನ್ನೂ ಹೆಚ್ಚೇನೂ ಆಗಿರುವುದಿಲ್ಲ. ಹಾಗಾಗಿ ಬ್ರಾಂಚ್ ಕೇಳುವುದಕ್ಕಿಂತ ಮನೆಯಲ್ಲಿ ಏನು ಮಾಡುತ್ತಾರೆ ಅಂತ ಕೇಳಿ.

ಇದನ್ನು ನಾನು ಸುಮ್ನೆ ಹೇಳುತ್ತಿಲ್ಲ. ಬಡಗಿ ಮನೆಯ ಹುಡುಗನಿಗೆ ಅಳತೆ ಕಣ್ಣಲ್ಲೇ ಇರುತ್ತದೆ. ಅಮ್ಮ ಹೊಲಿಗೆ ಮಾಡುವ ಮನೆಯ ಹುಡುಗಿಗೆ ಕಾಗದದ ಮೇಲೆ ಕಟಿಂಗ್ ಹಾಕಿ ಬಟ್ಟೆ ಕತ್ತರಿಸುವುದು ಗೊತ್ತಿರುತ್ತದೆ, ರಟ್ಟಿನ ಪೆಟ್ಟಿಗೆಯನ್ನೂ ಅವಳು ಹಾಗೇ ಬಿಡಿಸಿ ಮಡಚಿ ಮಾಡುತ್ತಾಳೆ. ಇಳಕಲ್ಲಿನ ನೇಕಾರರ ಮನೆಯಿಂದ ಬಂದವರು ಕುಣಿಮಗ್ಗದ ಕಾಲುಮಣೆ, ಲಾಳಿ, ಅಚ್ಚು ನೋಡಿಕೊಂಡೇ ಬೆಳೆದಿರುತ್ತಾರೆ. ಒಂದು ಚಲನೆ ಇನ್ನೊಂದಕ್ಕೆ ಹೇಗೆ ದಾಟುತ್ತದೆ ಅಂತ ಅವರಿಗೆ ಯಾರೂ ಕಲಿಸಬೇಕಾಗಿಲ್ಲ. ಹೊಲದ ಮೋಟರ್ ಸುಟ್ಟಾಗ ಅಪ್ಪನ ಜೊತೆ ರಿವೈಂಡಿಂಗ್ ಅಂಗಡಿಯಲ್ಲಿ ದಿನವಿಡೀ ಕೂತವರು ನಿಮ್ಮ ಕ್ಲಾಸಿನಲ್ಲೇ ಇದ್ದಾರೆ. ಅಂಥವರು ಬಾಯಿ ಬಿಟ್ಟು ಹೇಳಿಕೊಳ್ಳುವುದಿಲ್ಲ. ನೀವೇ ಹುಡುಕಿ ಕೇಳಬೇಕು.

ನಾಲ್ಕು ಜನ ಇದ್ದರೆ ಕೆಲಸ ಹೀಗೆ ಹಂಚಿಕೊಳ್ಳಬಹುದು. ಒಬ್ಬರು ಕಟ್ಟುವುದು, ಒಬ್ಬರು ಸರ್ಕ್ಯೂಟ್ ಮತ್ತು ಕೋಡ್, ಒಬ್ಬರು ಹೊರಗೆ ಹೋಗಿ ಜನರನ್ನು ಕೇಳಿ ಬರುವುದು, ಒಬ್ಬರು ಗಡಿಯಾರ ಮತ್ತು ಬರವಣಿಗೆ. ಆದರೆ ಯಾರೂ ಒಂದೇ ಮೂಲೆಗೆ ಅಂಟಿಕೊಳ್ಳಬಾರದು. ಹುಡುಗ-ಹುಡುಗಿಯರು ಸೇರಿದ ತಂಡಗಳಲ್ಲಿ ಒಂದು ಕೆಟ್ಟ ರೂಢಿ ನೋಡಿದ್ದೇನೆ, ಹುಡುಗರು ಸಾಲ್ಡರಿಂಗ್ ಐರನ್ ಹಿಡಿದುಕೊಂಡು ಕೂತರೆ ಪಿಪಿಟಿ, ಚಾರ್ಟು, ಚೆನ್ನಾಗಿ ಬರೆಯುವುದು ಎಲ್ಲ ಹುಡುಗಿಯರ ಪಾಲಿಗೆ ಬರುತ್ತದೆ. ಯಾರೂ ಹೀಗೆ ಮಾಡೋಣ ಅಂತ ತೀರ್ಮಾನ ಮಾಡಿರುವುದಿಲ್ಲ, ತಾನಾಗೇ ಆಗಿಬಿಡುತ್ತದೆ. ದಯವಿಟ್ಟು ಆಗಲು ಬಿಡಬೇಡಿ. ಶುರುವಿನಲ್ಲೇ ಮಾತಾಡಿಕೊಳ್ಳಿ: ಸ್ಪರ್ಧೆ ಮುಗಿಯುವುದರೊಳಗೆ ನಾಲ್ಕೂ ಜನ ಒಂದು ಬೆಸುಗೆಯನ್ನಾದರೂ ಹಾಕಿರಬೇಕು, ನಾಲ್ಕೂ ಜನ ಒಂದು ಸಲವಾದರೂ ಮಾದರಿಯನ್ನು ಓಡಿಸಿ ತೋರಿಸಲು ಕಲಿತಿರಬೇಕು.

ಸಮಸ್ಯೆ ಹುಡುಕುವುದು

ಸ್ಮಾರ್ಟ್ ಡಸ್ಟ್‌ಬಿನ್, ಅಂಧರಿಗೆ ಬೀಪ್ ಮಾಡುವ ಕೋಲು, ಮಣ್ಣಿನ ತೇವ ನೋಡಿ ನೀರು ಬಿಡುವ ಪಂಪ್. ಪ್ರತಿ ಸ್ಪರ್ಧೆಯಲ್ಲೂ ಈ ಮೂರು ಇದ್ದೇ ಇರುತ್ತವೆ. ತೀರ್ಪುಗಾರರ ಮುಖ ನೋಡಿದರೇ ಗೊತ್ತಾಗುತ್ತದೆ, ಅವರಿಗೆ ಸಾಕಾಗಿದೆ ಅಂತ. ಮೊಬೈಲ್‌ನಿಂದ ಪಂಪ್ ಚಾಲೂ ಮಾಡುವ ಸ್ಟಾರ್ಟರ್ ಮಾರುಕಟ್ಟೆಗೆ ಬಂದು ಎಷ್ಟೋ ವರ್ಷ ಆಯಿತು. ರೈತರ ಮನೆಯವರೇ ತಂಡದಲ್ಲಿದ್ದೂ ಅದನ್ನೇ ಹೊಸದು ಅಂತ ತೋರಿಸಿದರೆ ಯಾರು ಒಪ್ಪುತ್ತಾರೆ?

ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳಲ್ಲಿ ಸಮಸ್ಯೆಗೆ ಬರವಿಲ್ಲ. ಬೆಳಗಾವಿಯ ಉದ್ಯಮಬಾಗದಲ್ಲಿ ಫೌಂಡ್ರಿಗಳಿವೆ, ಖಾನಾಪುರದಲ್ಲಿ ಕುಂಬಾರಿಕೆ ಇದೆ, ಗುಳೇದಗುಡ್ಡದಲ್ಲಿ ಖಣ ನೇಯುತ್ತಾರೆ, ಇಂಡಿಯಲ್ಲಿ ಲಿಂಬೆ. ಒಂದು ಉದಾಹರಣೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ವಿಜಯಪುರ, ತಿಕೋಟಾ ಕಡೆ ದ್ರಾಕ್ಷಿಯನ್ನು ಒಣದ್ರಾಕ್ಷಿ ಮಾಡುವ ಶೆಡ್‌ಗಳಿವೆ. ಗೊಂಚಲುಗಳನ್ನು ಪೊಟ್ಯಾಸಿಯಮ್ ಕಾರ್ಬೋನೇಟ್ ಮತ್ತು ಡಿಪ್ಪಿಂಗ್ ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ, ಒಂದರ ಮೇಲೊಂದು ಬಲೆ ಕಟ್ಟಿದ ರ್ಯಾಕ್‌ಗಳ ಮೇಲೆ ಹರಡುತ್ತಾರೆ. ಸುತ್ತ ಗೋಡೆ ಇರುವುದಿಲ್ಲ, ಗಾಳಿ ಆಡಬೇಕು. ಒಣಗಲು ಎರಡು ವಾರ ಅಥವಾ ಇನ್ನೂ ಸ್ವಲ್ಪ ಜಾಸ್ತಿ ಬೇಕು. ಆ ನಡುವೆ ಮಾರ್ಚ್, ಏಪ್ರಿಲ್‌ನಲ್ಲಿ ಅಕಾಲಿಕ ಮಳೆ ಬಂದರೆ ಹಣ್ಣು ಕಪ್ಪಾಗುತ್ತದೆ, ರೇಟು ಬಿದ್ದುಹೋಗುತ್ತದೆ. ಮಳೆ ಬರುವ ಮೊದಲು ಸುತ್ತ ತಾಡಪತ್ರಿ ಇಳಿಸಬೇಕು.

ಮೊದಲ ವರ್ಷದ ತಂಡ ಇಲ್ಲಿ ಏನು ಮಾಡುತ್ತದೆ? ಮೋಟರ್ ಹಾಕಿ ತಾಡಪತ್ರಿ ತಾನೇ ಇಳಿಯುವಂತೆ ಮಾಡೋಣ, ಆ್ಯಪ್ ಮಾಡೋಣ, ಸೋಲಾರ್ ಹಾಕೋಣ, ಎಐ ಸೇರಿಸೋಣ ಅನ್ನುತ್ತದೆ. ತಡೆಯಿರಿ. ಮೊದಲು ಶೆಡ್ಡಿಗೆ ಹೋಗಿ. ಹೋಗಲು ಆಗದಿದ್ದರೆ ಆ ಕಡೆಯ ಗೆಳೆಯರ ಮನೆಗೆ ಫೋನ್ ಮಾಡಿ ಕೇಳಿ. "ಕಾಕಾ, ನಿಮಗೆ ಮಷೀನ್ ಬೇಕೇನ್ರಿ?" ಅಂತ ಕೇಳಬೇಡಿ. ಬೇಕು ಅಂತ ಯಾರಾದರೂ ಹೇಳುತ್ತಾರೆ. "ಹ್ವಾದ ವರ್ಷ ಮಳಿ ಬಂದಾಗ ಏನಾತ್ರಿ? ಯಾರು ಇದ್ರಿ, ಎಷ್ಟೊತ್ತಾತು?" ಅಂತ ಕೇಳಿ, ಆಮೇಲೆ ಸುಮ್ಮನಿರಿ. ರಾತ್ರಿ ಶೆಡ್ಡಿನಲ್ಲಿ ಯಾರು ಮಲಗುತ್ತಾರೆ, ತಾಡಪತ್ರಿ ಇಳಿಸಲು ಎಷ್ಟು ಜನ ಬೇಕು, ಎಷ್ಟು ನಿಮಿಷ ಬೇಕು, ಅಲ್ಲಿ ಮೊಬೈಲ್ ನೆಟ್‌ವರ್ಕ್ ಸಿಗುತ್ತದೆಯಾ, ಕರೆಂಟ್ ಇರುತ್ತದೆಯಾ? ಇಷ್ಟು ಗೊತ್ತಾದರೆ ನಿಮ್ಮ ಅರ್ಧ ಡಿಸೈನ್ ಮುಗಿದ ಹಾಗೆ. ನೆಟ್‌ವರ್ಕ್ ಇಲ್ಲದ ಕಡೆ ಮೆಸೇಜ್ ಕಳಿಸಿ ಏನು ಪ್ರಯೋಜನ? ಅಲ್ಲಿ ಗಟ್ಟಿಯಾಗಿ ಕೂಗುವ ಸೈರನ್ ಬೇಕು.

ಒಂದೇ ಪ್ರಶ್ನೆ, ಮೊದಲು ರಟ್ಟು

ಈಗ ಪ್ರಶ್ನೆಯನ್ನು ಸಣ್ಣದು ಮಾಡಿ. ಒಣದ್ರಾಕ್ಷಿ ಶೆಡ್ಡಿಗೆ ನಾನಾಗಿದ್ದರೆ ಹೀಗೆ ಇಟ್ಟುಕೊಳ್ಳುತ್ತಿದ್ದೆ: ಹನಿ ಬೀಳುವ ಮೊದಲು ಗಾಳಿಯ ತೇವ ಏರುವುದನ್ನು ನಮ್ಮ ಸೆನ್ಸರ್ ತಾಡಪತ್ರಿ ಇಳಿಸಲು ಸಾಕಾಗುವಷ್ಟು ಮೊದಲೇ ಹಿಡಿಯುತ್ತದೆಯಾ? ಅಷ್ಟೇ. ಆ್ಯಪ್ ಇಲ್ಲ, ಮೋಟರ್ ಇಲ್ಲ. ಸೆನ್ಸರ್ ಎಲ್ಲಿ ನೇತುಹಾಕಬೇಕು ಅನ್ನುವುದೂ ಈ ಪ್ರಶ್ನೆಯೊಳಗೇ ಬರುತ್ತದೆ. ರ್ಯಾಕಿನ ನಡುವೆ ಹಾಕಿದರೆ ಹಸಿ ದ್ರಾಕ್ಷಿಯಿಂದ ಏಳುವ ತೇವವೇ ಅಳತೆಗೆ ಸಿಗುತ್ತದೆ, ಹೊರಗೆ ಗಾಳಿ ಬರುವ ಕಡೆ ಹಾಕಿದರೆ ಹೊರಗಿನದ್ದು. ರಟ್ಟಿನಲ್ಲಿ ಒಂದು ಶೆಡ್ ಮಾಡಿ, ಒಳಗೆ ಒದ್ದೆ ಬಟ್ಟೆ ಹರವಿ, ಸೆನ್ಸರನ್ನು ಮೂರು ಜಾಗದಲ್ಲಿ ಇಟ್ಟು ನೋಡಿ ಬರೆದುಕೊಂಡರೆ ಒಂದೇ ಮಧ್ಯಾಹ್ನದಲ್ಲಿ ನಿಮ್ಮ ಹತ್ತಿರ ನಿಜವಾದ ಅಂಕಿಗಳಿರುತ್ತವೆ. ತೀರ್ಪುಗಾರರ ಮುಂದೆ ಆ ಒಂದು ಪುಟಕ್ಕೆ ಇರುವ ಬೆಲೆ ಇಪ್ಪತ್ತು ಸ್ಲೈಡಿಗೆ ಇಲ್ಲ.

ಬೇಗ ಕೈ ಹಾಕಬೇಕು ಅನ್ನುವುದಕ್ಕೆ ಒಂದು ಪ್ರಸಿದ್ಧ ಆಟವಿದೆ, ಮಾರ್ಷ್‌ಮ್ಯಾಲೊ ಚಾಲೆಂಜ್. 20 ಸ್ಪಗೆಟಿ ಕಡ್ಡಿ, ಒಂದು ಗಜ ಟೇಪು, ಒಂದು ಗಜ ದಾರ, ಮೇಲೆ ಇಡಲು ಒಂದು ಮಾರ್ಷ್‌ಮ್ಯಾಲೊ, ಅಂದರೆ ಮೆತ್ತನೆಯ ಸಿಹಿ ಉಂಡೆ. 18 ನಿಮಿಷದಲ್ಲಿ ಎಲ್ಲಕ್ಕಿಂತ ಎತ್ತರದ ಗೋಪುರ ಕಟ್ಟಬೇಕು. ಟಾಮ್ ವುಜೆಕ್ ಅನ್ನುವವರು ಇದನ್ನು ಬೇರೆ ಬೇರೆ ಗುಂಪುಗಳಿಂದ ಆಡಿಸಿ ನೋಡಿದಾಗ ಶಿಶುವಿಹಾರದ ಮಕ್ಕಳು ಬಿಸಿನೆಸ್ ಸ್ಕೂಲಿನಲ್ಲಿ ಓದಿದವರಿಗಿಂತ ಎತ್ತರ ಕಟ್ಟಿದ್ದರು. ದೊಡ್ಡವರು ಪ್ಲ್ಯಾನ್ ಮಾಡಿ ಮಾಡಿ ಕೊನೆಯ ನಿಮಿಷದಲ್ಲಿ ಉಂಡೆ ಇಡುತ್ತಾರೆ, ಭಾರಕ್ಕೆ ಎಲ್ಲ ಬಾಗುತ್ತದೆ. ಮಕ್ಕಳು ಮೊದಲಿಂದಲೂ ಉಂಡೆ ಇಟ್ಟು ಇಟ್ಟು ನೋಡುತ್ತಾರೆ. ನೀವು ಸ್ಪರ್ಧೆಗೆ ಒಂದು ವಾರ ಮೊದಲು ಹಾಸ್ಟೆಲ್‌ನಲ್ಲೇ ಇದನ್ನು ಆಡಿ. ಸ್ಪಗೆಟಿ ಬದಲು ಕಸಬರಿಗೆ ಕಡ್ಡಿ, ಮೇಲೆ ಇಡಲು ಒಂದು ಲಿಂಬೆಹಣ್ಣು. ಭಾರ ಜಾಸ್ತಿ, ಇನ್ನೂ ಒಳ್ಳೆಯದು. ತಂಡದಲ್ಲಿ ಯಾರು ಬರೀ ಮಾತಾಡುತ್ತಾರೆ, ಯಾರು ಮಾಡುತ್ತಾರೆ, ಯಾರು ಇನ್ನೊಬ್ಬರ ಮಾತು ಕೇಳುತ್ತಾರೆ ಎಲ್ಲ ಗೊತ್ತಾಗುತ್ತದೆ.

ಸಾಮಾನು ಎಲ್ಲಿ, ಯಾರ ಹತ್ತಿರ

ರಟ್ಟು ಕಿರಾಣಿ ಹೋಲ್‌ಸೇಲ್ ಅಂಗಡಿಗಳಲ್ಲಿ ಕೇಳಿದರೆ ಸಿಗುತ್ತದೆ. ಬೆಳಗಾವಿಯಲ್ಲಾದರೆ ರವಿವಾರ ಪೇಟೆಗೆ ಹೋಗಿ. ಫ್ಲೆಕ್ಸ್ ಅಂಗಡಿಯಲ್ಲಿ ಸನ್‌ಬೋರ್ಡ್ (ಹಗುರವಾದ ಫೋಮ್ ಹಲಗೆ) ತುಂಡುಗಳು ಉಳಿದಿರುತ್ತವೆ. ಗುಜರಿ ಅಂಗಡಿಯಲ್ಲಿ ಹಳೇ ಪ್ರಿಂಟರ್ ಸಿಕ್ಕರೆ ಬಿಡಬೇಡಿ. ಒಳಗೆ ಮೋಟರ್, ಗೇರ್, ನೆಟ್ಟನೆಯ ಸ್ಟೀಲ್ ರಾಡ್, ಸ್ಪ್ರಿಂಗ್ ಎಲ್ಲ ಇರುತ್ತದೆ.

ಲೇತ್, ವೆಲ್ಡಿಂಗ್, ಶೀಟ್ ಬಗ್ಗಿಸುವ ಕೆಲಸಕ್ಕೆ ಉದ್ಯಮಬಾಗದಂಥ ಜಾಗ ಕಾಲೇಜಿನ ಪಕ್ಕದಲ್ಲೇ ಇರುವುದು ನಿಮ್ಮ ಪುಣ್ಯ. ಬೆಂಗಳೂರಿನ ಎಷ್ಟೋ ಹುಡುಗರಿಗೆ ಈ ಭಾಗ್ಯ ಇಲ್ಲ. ಡ್ರಾಯಿಂಗ್ ಇಲ್ಲದೆ ಹೋಗಬೇಡಿ. ಒಂದು ಬಿಳಿ ಹಾಳೆಯಲ್ಲಿ ಕೈಯಿಂದಲೇ ಬರೆದರೂ ಸರಿ, ಅಳತೆ ಮಿಲಿಮೀಟರಿನಲ್ಲಿ ಇರಲಿ, ತೂತು ಎಲ್ಲಿ ಅಂತ ಇರಲಿ, ಯಾವ ಅಳತೆ ಸ್ವಲ್ಪ ಹೆಚ್ಚುಕಡಿಮೆ ಆದರೂ ನಡೆಯುತ್ತದೆ ಅಂತ ಬಾಯಲ್ಲಿ ಹೇಳಿ. ಬೆಳಗ್ಗೆ ಕೆಲಸದ ಗಡಿಬಿಡಿ ಇರುವಾಗ ಹೋಗುವುದಕ್ಕಿಂತ ಊಟದ ನಂತರ ಹೋದರೆ ಮಾತಾಡಲು ಸಿಗುತ್ತಾರೆ. "ಇದು ಹಿಂಗ ನಿಲ್ಲೂದಿಲ್ಲೋ ತಮ್ಮಾ, ಇಲ್ಲೊಂದು ಆಧಾರ ಕೊಡು" ಅಂತ ಅವರು ಹೇಳುವ ಒಂದು ಮಾತಿನಲ್ಲಿ ಒಂದು ಅಧ್ಯಾಯದ ಪಾಠ ಇರುತ್ತದೆ. ಬರೆದುಕೊಳ್ಳಿ, ಕೆಲಸದ ದುಡ್ಡು ಕೊಡಿ, ತೋರಿಸುವಾಗ ಅವರ ಹೆಸರು ಹೇಳಿ.

3ಡಿ ಪ್ರಿಂಟರ್ ಕಾಲೇಜಿನಲ್ಲಿದ್ದರೆ ಅದರ ಮೇಲೆ ಪೂರ್ತಿ ನಂಬಿಕೆ ಇಡಬೇಡಿ. ಅಂಗೈ ಅಗಲದ ಪೆಟ್ಟಿಗೆಗೂ ಗಂಟೆಗಟ್ಟಲೆ ಬೇಕು, ಸ್ಪರ್ಧೆಯ ದಿನ ಅದರ ಮುಂದೆ ಸರದಿ. ಅದಕ್ಕೆ ಸಾಮಾನ್ಯವಾಗಿ ಹಾಕುವ ಪಿಎಲ್ಎ ಪ್ಲಾಸ್ಟಿಕ್ ಸುಮಾರು 60 ಡಿಗ್ರಿಗೇ ಮೆತ್ತಗಾಗುತ್ತದೆ. ವಿಜಯಪುರದ ಏಪ್ರಿಲ್ ಬಿಸಿಲಲ್ಲಿ ನಿಂತ ಕಾರಿನಲ್ಲಿ ಬಿಟ್ಟು ಬಂದರೆ ಸೊಟ್ಟಗಾಗಬಹುದು. ಗ್ಲೂ ಗನ್ನಿನ ಅಂಟು ಕೂಡ ಹಾಗೇ, ಬಿಸಿಲಿಗೆ ಬಿಡುತ್ತದೆ.

ಎಲೆಕ್ಟ್ರಾನಿಕ್ಸ್‌ನಲ್ಲಿ ಕೈ ಕೊಡುವ ಜಾಗಗಳು

ರಾತ್ರಿ ಎರಡು ಗಂಟೆಗೆ ತಂಡಗಳು ಅಳುವುದು ಇಲ್ಲೇ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಬೋರ್ಡಿಗೆ, ಅಂದರೆ ನಿಮ್ಮ ಕೋಡ್ ಓಡಿಸುವ ಪುಟ್ಟ ಕಂಪ್ಯೂಟರಿಗೆ, ಕೋಡ್ ಹೋಗುತ್ತಿಲ್ಲವೇ? ಮೊದಲು ಕೇಬಲ್ ಬದಲಿಸಿ. ಬರೀ ಚಾರ್ಜಿಂಗಿಗೆ ಆಗುವ ಯುಎಸ್‌ಬಿ ಕೇಬಲ್‌ಗಳಲ್ಲಿ ಡೇಟಾ ತಂತಿಯೇ ಇರುವುದಿಲ್ಲ. ಕಡಿಮೆ ಬೆಲೆಯ ಆರ್ಡುಯಿನೊ ಉನೊ ಬೋರ್ಡ್‌ಗಳಿಗೆ ಸಾಮಾನ್ಯವಾಗಿ ಸಿಎಚ್340 ಡ್ರೈವರ್ (ಕಂಪ್ಯೂಟರ್ ಬೋರ್ಡನ್ನು ಗುರುತಿಸಲು ಬೇಕಾದ ಸಾಫ್ಟ್‌ವೇರ್) ಬೇಕು, ಅದನ್ನು ಮನೆಯಲ್ಲೇ ಹಾಕಿಕೊಂಡು ಬನ್ನಿ. ಪಿನ್ 0 ಮತ್ತು 1ಕ್ಕೆ ಏನನ್ನೂ ಜೋಡಿಸಬೇಡಿ. ಕಂಪ್ಯೂಟರ್ ಜೊತೆ ಬೋರ್ಡ್ ಮಾತಾಡುವುದೇ ಆ ದಾರಿಯಲ್ಲಿ.

ಸರ್ವೊ ಮೋಟರ್ (ಹೇಳಿದಷ್ಟು ಕೋನಕ್ಕೆ ತಿರುಗಿ ನಿಲ್ಲುವ ಸಣ್ಣ ಮೋಟರ್) ತಿರುಗಿದ ತಕ್ಷಣ ಬೋರ್ಡ್ ರೀಸೆಟ್ ಆಗುತ್ತದೆ ಅಂತ ಪ್ರತಿ ಸಲ ಯಾರಾದರೂ ಬರುತ್ತಾರೆ. ಕೋಡಿನಲ್ಲಿ ತಪ್ಪು ಹುಡುಕುತ್ತಾ ಕೂತಿರುತ್ತಾರೆ, ತಪ್ಪು ಕರೆಂಟಿನಲ್ಲಿ ಇರುತ್ತದೆ. ಯುಎಸ್‌ಬಿಯಿಂದ ಉನೊ ಬೋರ್ಡಿಗೆ ಸಿಗುವುದು ಸುಮಾರು 500 ಮಿಲಿಆಂಪಿಯರ್ ಅಷ್ಟೇ. ಮೋಟರ್ ಶುರುವಾಗುವಾಗ ಅದರಲ್ಲಿ ದೊಡ್ಡ ಪಾಲು ಎಳೆದುಕೊಳ್ಳುತ್ತದೆ, ವೋಲ್ಟೇಜ್ ಕುಸಿಯುತ್ತದೆ, ಬೋರ್ಡ್ ಮಲಗಿ ಏಳುತ್ತದೆ. ಮೋಟರಿಗೆ ಬೇರೆ 5 ವೋಲ್ಟ್ ಸಪ್ಲೈ ಕೊಡಿ, ಎರಡರ ಗ್ರೌಂಡ್ (ಮೈನಸ್) ತಂತಿಯನ್ನು ಒಂದಕ್ಕೊಂದು ಸೇರಿಸಿ. ಗ್ರೌಂಡ್ ಸೇರಿಸದಿದ್ದರೆ ಸರ್ವೊ ಸುಮ್ನೆ ನಡುಗುತ್ತದೆ. ಚೌಕಾಕಾರದ 9 ವೋಲ್ಟ್ ಬ್ಯಾಟರಿ ಮೋಟರಿಗೆ ಆಗುವುದಿಲ್ಲ, ಅಷ್ಟು ಕರೆಂಟ್ ಕೊಡುವ ಶಕ್ತಿ ಅದಕ್ಕಿಲ್ಲ. ಬೋರ್ಡ್ ಹೇಳಿದಂತೆ ಮೋಟರಿಗೆ ಕರೆಂಟ್ ಹಾಯಿಸುವ ಎಲ್298ಎನ್ ಮೋಟರ್ ಡ್ರೈವರ್ ತಾನೇ ಸುಮಾರು 2 ವೋಲ್ಟ್ ತಿಂದುಬಿಡುತ್ತದೆ, ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಸೆನ್ಸರ್ ಕೊಳ್ಳುವಾಗ ಅದರ ಮಿತಿ ಓದಿ. ಡಿಎಚ್‌ಟಿ11 ತೇವವನ್ನು 5 ಪ್ರತಿಶತ ಆಚೀಚೆ ಹೇಳುತ್ತದೆ, ಸಣ್ಣ ಏರಿಳಿತ ಹಿಡಿಯಬೇಕಾದರೆ ಡಿಎಚ್‌ಟಿ22 ತೆಗೆದುಕೊಳ್ಳಿ. ಸದ್ದಿನಿಂದ ದೂರ ಅಳೆಯುವ ಎಚ್‌ಸಿ-ಎಸ್ಆರ್04 ಅಲ್ಟ್ರಾಸಾನಿಕ್ ಸೆನ್ಸರ್ 2 ಸೆಂಟಿಮೀಟರಿಗಿಂತ ಹತ್ತಿರದ್ದನ್ನು ಅಳೆಯುವುದಿಲ್ಲ, ಬಟ್ಟೆಯಂಥ ಮೆತ್ತನೆ ವಸ್ತು ಮುಂದಿದ್ದರೆ ಸದ್ದು ಹೀರಿಕೊಂಡು ತಪ್ಪು ಅಂಕಿ ಬರುತ್ತದೆ. ಅದರ ಎಕೋ ಪಿನ್ 5 ವೋಲ್ಟ್ ಕೊಡುತ್ತದೆ. ಇಎಸ್‌ಪಿ32 ಬೋರ್ಡ್ 3.3 ವೋಲ್ಟಿನದ್ದು, ನಡುವೆ ಎರಡು ರೆಸಿಸ್ಟರ್ ಹಾಕಿ ಇಳಿಸಿ ಕೊಡಿ. ಎರಡು ಕಾಲಿನ ಮಣ್ಣಿನ ತೇವದ ಸೆನ್ಸರ್, ಮಳೆ ಹನಿಯ ಸೆನ್ಸರ್ ಎರಡೂ ಸದಾ ಕರೆಂಟಿನಲ್ಲಿ ಇಟ್ಟರೆ ಬೇಗ ತುಕ್ಕು ಹಿಡಿಯುತ್ತವೆ. ಓದುವಾಗ ಮಾತ್ರ ಕರೆಂಟ್ ಕೊಟ್ಟು ಆರಿಸಿ.

230 ವೋಲ್ಟ್ ಮನೆ ಕರೆಂಟನ್ನು ಮೊದಲ ವರ್ಷದವರು ಮುಟ್ಟಲೇಬೇಡಿ. ರಿಲೇ ಹಾಕಿ ಬಲ್ಬ್ ಉರಿಸುವ ಆಸೆ ಎಲ್ಲರಿಗೂ ಇರುತ್ತದೆ. 12 ವೋಲ್ಟ್ ಎಲ್ಇಡಿ ಪಟ್ಟಿ ಉರಿಸಿ ತೋರಿಸಿದರೂ ಅಷ್ಟೇ ಅರ್ಥವಾಗುತ್ತದೆ. 18650 ಲಿಥಿಯಂ ಸೆಲ್ ಬಳಸುವುದಾದರೆ ಹೋಲ್ಡರ್ ಮತ್ತು ಪ್ರೊಟೆಕ್ಷನ್ ಬೋರ್ಡ್ ಇರಲೇಬೇಕು. ಸೆಲ್ ಮೇಲೆ ನೇರವಾಗಿ ಸಾಲ್ಡರ್ ಮಾಡಬೇಡಿ, ಬೆಂಕಿ ಹತ್ತಬಹುದು.

ಸಮಯ

24 ಗಂಟೆಯ ಸ್ಪರ್ಧೆ ಅಂದುಕೊಳ್ಳಿ. ಎರಡನೇ ಗಂಟೆಯೊಳಗೆ ಆ ಒಂದು ಪ್ರಶ್ನೆ ಗೋಡೆಗೆ ಅಂಟಿರಬೇಕು. ಆರನೇ ಗಂಟೆಗೆ ಎಷ್ಟೇ ಕೆಟ್ಟದಾಗಿ ಕಂಡರೂ ಮೊದಲಿಂದ ಕೊನೆಯವರೆಗೆ ಒಂದು ಸಲ ಓಡುವ ಏನಾದರೂ ಇರಬೇಕು. ಅದರ ವಿಡಿಯೊ ತೆಗೆದಿಟ್ಟುಕೊಳ್ಳಿ, ಕೊನೆಗೆ ಏನೇ ಕೈ ಕೊಟ್ಟರೂ ತೋರಿಸಲು ಒಂದಿರುತ್ತದೆ. ಹದಿನೆಂಟನೇ ಗಂಟೆಯ ಮೇಲೆ ಹೊಸದೇನೂ ಸೇರಿಸುವಂತಿಲ್ಲ. ಓಡುವ ಕೋಡಿನ ಒಂದು ಪ್ರತಿ ಬೇರೆ ಫೋಲ್ಡರಿನಲ್ಲಿ ಇಡಿ, ಜಂಪರ್ ತಂತಿಗಳನ್ನು ಟೇಪಿನಿಂದ ಬಿಗಿ ಮಾಡಿ, ಎರಡೆರಡು ಗಂಟೆಯಂತೆ ಸರದಿಯಲ್ಲಿ ಮಲಗಿ. ಊಟ ಬಿಡಬೇಡಿ. ನಿದ್ದೆ ಇಲ್ಲದ ಕಣ್ಣಿಗೆ ಕೆಂಪು ತಂತಿ, ಕಪ್ಪು ತಂತಿ ಒಂದೇ.

ತೋರಿಸುವುದು

ತಂಡದ ಪರಿಚಯ, ಪೀಠಿಕೆ ಎಲ್ಲ ಆಮೇಲೆ. ಮೊದಲು ಮಾದರಿ ಓಡಲಿ. ತೀರ್ಪುಗಾರರ ಕೈಗೇ ಕೊಟ್ಟು "ಈ ಒದ್ದೆ ಬಟ್ಟೆ ಹತ್ತಿರ ತನ್ನಿ ಸರ್" ಅನ್ನಿ. ಸೈರನ್ ಕೂಗಿದ ಮೇಲೆ ಅವರೇ ಪ್ರಶ್ನೆ ಕೇಳುತ್ತಾರೆ. ಯಾರನ್ನು ಕೇಳಿದಿರಿ, ಅವರು ಏನು ಹೇಳಿದರು, ಅದರಿಂದ ನೀವು ಏನು ಬದಲಿಸಿದಿರಿ ಎಂಬ ಮೂರು ಮಾತು ಸಾಕು. ಮಾದರಿಗೆ ಏನು ಬರುವುದಿಲ್ಲ ಅಂತಲೂ ಹೇಳಿ. "ಗಾಳಿ ಜೋರಾಗಿದ್ದಾಗ ಇದು ತಡವಾಗಿ ಕೂಗಬಹುದು, ಅದನ್ನು ಇನ್ನೂ ಪರೀಕ್ಷೆ ಮಾಡಿಲ್ಲ" ಅಂದವರ ಮೇಲೆ ನಂಬಿಕೆ ಹೆಚ್ಚಾಗುತ್ತದೆ.

ಇನ್ನು ಭಾಷೆ. ಕನ್ನಡ ಮಾಧ್ಯಮದಲ್ಲಿ ಓದಿ ಬಂದ ಎಷ್ಟೋ ಮಕ್ಕಳು ಇಡೀ ಮಾದರಿಯನ್ನು ತಾವೇ ಕಟ್ಟಿ, ತೋರಿಸುವಾಗ ಮಾತ್ರ ಇಂಗ್ಲಿಷ್ ಬರುವ ಗೆಳೆಯನ ಹಿಂದೆ ನಿಲ್ಲುತ್ತಾರೆ. ನೋಡಿದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ. ಕನ್ನಡದಲ್ಲಿ ಹೇಳಬಹುದಾ ಅಂತ ಆಯೋಜಕರನ್ನು ಮೊದಲೇ ಕೇಳಿ. ಇಲ್ಲಿನ ತೀರ್ಪುಗಾರರಲ್ಲಿ ಕನ್ನಡ ಬಲ್ಲವರೇ ಜಾಸ್ತಿ. ಇಂಗ್ಲಿಷೇ ಬೇಕು ಅಂದರೆ ಕಟ್ಟಿದವರು ಕೈಯಿಂದ ತೋರಿಸುತ್ತಾ ಕನ್ನಡದಲ್ಲಿ ಹೇಳಲಿ, ಗೆಳೆಯ ಪಕ್ಕದಲ್ಲಿ ನಿಂತು ಇಂಗ್ಲಿಷಿನಲ್ಲಿ ಹೇಳಲಿ. ಮುಂದೆ ನಿಲ್ಲಬೇಕಾದವರು ಕಟ್ಟಿದವರೇ.

ಮುಗಿದ ಮೇಲೆ

ಬಹುಮಾನ ಬರಲಿ ಬಿಡಲಿ, ಬಿಚ್ಚಿ ಬಿಸಾಡುವ ಮೊದಲು ಫೋಟೊ ತೆಗೆದು, ಸರ್ಕ್ಯೂಟನ್ನು ಕಾಗದದ ಮೇಲೆ ಬರೆದುಕೊಳ್ಳಿ. ಲ್ಯಾಬಿನಿಂದ ತಂದ ಸಾಮಾನು ಎಣಿಸಿ ವಾಪಸ್ ಕೊಡಿ, ಮುಂದಿನ ತಂಡಕ್ಕೆ ಬೇಕು. ಅಳತೆಗಳನ್ನು ದಿನಾಂಕದ ಜೊತೆ ಒಂದು ನೋಟ್‌ಬುಕ್ಕಿನಲ್ಲಿ ಇಡಿ. ಮಾಹಿತಿ ಕೊಟ್ಟ ರೈತರಿಗೋ ನೇಕಾರರಿಗೋ ಒಂದು ಫೋನ್ ಮಾಡಿ ಏನಾಯಿತು ಅಂತ ಹೇಳಿ. ಅಲ್ಲಿಂದಲೇ ಮುಂದಿನ ಸುಳಿವು ಸಿಗುತ್ತದೆ. ಕೊನೆಯ ವರ್ಷದಲ್ಲಿ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯ ವಿದ್ಯಾರ್ಥಿ ಪ್ರಾಜೆಕ್ಟ್ ಯೋಜನೆಗೆ ಕಾಲೇಜಿನ ಮೂಲಕ ಅರ್ಜಿ ಹಾಕಬಹುದು, ಆಯ್ಕೆಯಾದ ಪ್ರಾಜೆಕ್ಟಿಗೆ ಅವರು ಹಣ ಕೊಡುತ್ತಾರೆ. ಮೊದಲ ವರ್ಷದಿಂದಲೇ ಅಂಕಿ ಬರೆದಿಟ್ಟುಕೊಂಡ ತಂಡಕ್ಕೆ ಆ ಅರ್ಜಿ ತುಂಬುವುದು ಒಂದು ಸಂಜೆಯ ಕೆಲಸ.